ಅಡಿಗೆಯ ಉಪ್ಪು: ಯಾವುದು, ಯಾವಾಗ, ಎಷ್ಟು?

ಉಪ್ಪಿಗಿಂತ ರುಚಿಯಿಲ್ಲವೆಂಬುದು ನಮ್ಮ ಹಿರಿಯರ ಮಾತು. ಹಬ್ಬದ ಊಟದಲ್ಲಿ ಬಾಳೆಯೆಲೆಯ ಒಂದು ಮೂಲೆ ಉಪ್ಪಿಗೆಂದೇ ಮೀಸಲಾಗಿರುತ್ತದೆ. ಪಾಯಸವಿಲ್ಲದೆ ಊಟ ಮುಗಿದೀತು, ಉಪ್ಪಿಲ್ಲದೆ ಮೊದಲಾಗದು. ಆದರೆ ಉಪ್ಪು ಎಂದರೆ ಯಾವ ಉಪ್ಪು? ಹಿಂದೆ ಈ ಪ್ರಶ್ನೆ ಏಳುತ್ತಿದ್ದುದೇ ಅಪೂರ್ವ. ಅಂಗಡಿಯ ಗೋಣಿಚೀಲದಿಂದ ಅಳೆದುಕೊಡುತ್ತಿದ್ದ ಕಲ್ಲುಪ್ಪೇ ಬಹುಪಾಲು ಮನೆಗಳ ಉಪ್ಪಾಗಿತ್ತು. ಈಗ ಕಾಲ ಬದಲಾಗಿದೆ.

ಬೆಂಗಳೂರಿನ ವಿದ್ಯಾರ್ಥಿಗಳಿಗೆ ಅವೆನ್ಯೂ ರಸ್ತೆಯನ್ನು ಪರಿಚಯಮಾಡಿಕೊಡಬೇಕಾಗಿಲ್ಲ. ಹಳೆಯ ಪಠ್ಯಪುಸ್ತಕಗಳನ್ನು ಕಡಮೆ ಬೆಲೆಗೆ ಕೊಳ್ಳಲು ಅಲ್ಲಿಗೆ ಹೋಗದವರು ವಿರಳ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಯ ಎರಡು ಮುಖ್ಯ ಬೀದಿಗಳಲ್ಲಿ ಒಂದಾದ ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ. ಅದರ ಸುತ್ತಲಿನ ಬೀದಿಗಳು ತಮ್ಮ ಕಸುಬನ್ನು ಹೆಸರಿನಲ್ಲಿಯೇ ಹೊತ್ತುಕೊಂಡಿವೆ: ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ಕುಂಬಾರಪೇಟೆ, ತರಗುಪೇಟೆ. ಈ ಭಾಗದ ಯಾವುದಾದರೂ ಗ್ರಂಧಿಗೆ ಅಂಗಡಿಯನ್ನೋ ದಿನಸಿ ಅಂಗಡಿಯನ್ನೋ ಹೊಕ್ಕು ಉಪ್ಪು ಬೇಕೆಂದರೆ ಕಲ್ಲುಪ್ಪು, ಪುಡಿಯುಪ್ಪು, ಸೈಂಧವ ಲವಣ, ಕಪ್ಪುಪ್ಪು, ಹಿಮಾಲಯದ ಹೆಸರು ಹೊತ್ತ ಗುಲಾಬಿ ಬಣ್ಣದ ಉಪ್ಪು, ಸೋಡಿಯಂ ಕಡಮೆಮಾಡಿದ ಉಪ್ಪು ಎಂದು ಅರ್ಧ ಡಜನ್ ಬಗೆಗಳು ಎದುರಾಗುತ್ತವೆ. ಅವುಗಳ ಬೆಲೆಯಲ್ಲಿ ಹಲವು ಪಟ್ಟು ಅಂತರವಿದೆ. ಅವುಗಳ ಬಗ್ಗೆ ಕೇಳಿಬರುವ ಗುಣಗಾನದಲ್ಲಿ ಇನ್ನೂ ಹೆಚ್ಚಿನ ಅಂತರವಿದೆ.

ಇವುಗಳಲ್ಲಿ ನಿಜವಾದ ವ್ಯತ್ಯಾಸವೇನು? ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಉತ್ತರ ದೊರೆಯುತ್ತದೆ. ಹರಳು ಎಷ್ಟು ದೊಡ್ಡದು? ಉಪ್ಪಿನೊಡನೆ ಬೇರೆ ಏನು ಬೆರೆತಿದೆ? ಅಯೋಡೀನು ಇದೆಯೇ, ಇಲ್ಲವೇ? ಮೊದಲನೆಯ ಪ್ರಶ್ನೆ ಅಡಿಗೆಯ ಹದಕ್ಕೆ ಸಂಬಂಧಿಸಿದುದು, ಎರಡನೆಯದು ರುಚಿಗೆ ಸಂಬಂಧಿಸಿದುದು. ಮೂರನೆಯದಾದರೋ ಮುಂದಿನ ಪೀಳಿಗೆಯ ಮಕ್ಕಳ ಬುದ್ಧಿಶಕ್ತಿಗೇ ಸಂಬಂಧಿಸಿದುದು. ಇವನ್ನು ಒಂದೊಂದಾಗಿ ವಿಚಾರಮಾಡೋಣ.

ಎಲ್ಲ ಉಪ್ಪೂ ಒಂದೇ ವಸ್ತು

ಅಡಿಗೆಯ ಉಪ್ಪು ಯಾವ ಹೆಸರಿನದಾದರೂ ಅದರ ಬಹುಭಾಗ ಸೋಡಿಯಂ ಕ್ಲೋರೈಡೇ. ಸೋಡಿಯಂ ನೀರಿಗೆ ಬಿದ್ದರೆ ಉರಿದೇಳುವ ಮೆತ್ತನೆಯ ಲೋಹ. ಇದನ್ನು 1807ರಲ್ಲಿ ಹಂಫ್ರಿ ಡೇವಿಯು ವಿದ್ಯುತ್ಪ್ರವಾಹದ ಸಹಾಯದಿಂದ ಬೇರ್ಪಡಿಸಿದನು. ಕ್ಲೋರೀನು ಉಸಿರುಕಟ್ಟಿಸುವ ವಿಷಾನಿಲ. ಈ ಎರಡು ಉಗ್ರ ವಸ್ತುಗಳು ಕೂಡಿ ನಮ್ಮ ಸಾರಿಗೆ ರುಚಿಕೊಡುವ ಸಾಧು ಪದಾರ್ಥವಾಗುವುದು ರಸಾಯನವಿಜ್ಞಾನದ ಒಂದು ಸೋಜಿಗ. ತೂಕದಲ್ಲಿ ಉಪ್ಪಿನ ಶೇಕಡಾ 39 ಭಾಗ ಸೋಡಿಯಂ. ಉಳಿದ 61 ಭಾಗ ಕ್ಲೋರೀನು.

ಒಂದು ಉಪ್ಪಿನ ಹರಳನ್ನು ಭೂತಗನ್ನಡಿಯಿಂದ ನೋಡಿದರೆ ಅದು ಪಗಡೆಯ ದಾಳದಂತೆ ಆರು ಚೌಕ ಮುಖಗಳ ಘನಾಕೃತಿಯೆಂಬುದು ಕಾಣುತ್ತದೆ. ಅದನ್ನು ಒಡೆದರೂ ಸಣ್ಣ ಘನಗಳೇ ದೊರೆಯುತ್ತವೆ. ಇದಕ್ಕೆ ಕಾರಣ ಒಳಗಿನ ಅಯಾನುಗಳ ಜೋಡಣೆ. ಸೋಡಿಯಂ ಮತ್ತು ಕ್ಲೋರೀನಿನ ಅಯಾನುಗಳು ಚದುರಂಗದ ಮಣೆಯ ಕಪ್ಪುಬಿಳಿ ಮನೆಗಳಂತೆ, ಆದರೆ ಮೂರು ದಿಕ್ಕಿನಲ್ಲಿಯೂ, ಒಂದು ಬಿಟ್ಟು ಒಂದರಂತೆ ಕುಳಿತಿರುತ್ತವೆ. ಇದನ್ನು 1913ರಲ್ಲಿ ಲಾರೆನ್ಸ್ ಬ್ರ್ಯಾಗ್ ಕ್ಷಕಿರಣಗಳ ನೆರವಿನಿಂದ ತೋರಿಸಿಕೊಟ್ಟನು. ಕಡಲಿನ ಉಪ್ಪೇ ಆಗಲಿ ಗಣಿಯ ಉಪ್ಪೇ ಆಗಲಿ ಈ ಜೋಡಣೆಯಲ್ಲಿ ಎಳ್ಳಷ್ಟೂ ಭೇದವಿಲ್ಲ.

ಮಣ್ಣಿನ ಉಪ್ಪು, ಕಡಲಿನ ಉಪ್ಪು

ಬೆಂಗಳೂರಿಗೂ ಕಡಲಿಗೂ ನಡುವೆ ಘಟ್ಟಗಳೂ ನೂರಾರು ಮೈಲಿಗಳೂ ಇವೆ. ಹಿಂದೆ ಇಲ್ಲಿನವರಿಗೆ ಉಪ್ಪು ಎಲ್ಲಿಂದ ಬರುತ್ತಿತ್ತು? ಅವೆನ್ಯೂ ರಸ್ತೆಗೆ ದೂರವಲ್ಲದ ಉಪ್ಪಾರಪೇಟೆಯ ಹೆಸರಿನಲ್ಲಿಯೇ ಉತ್ತರದ ಒಂದು ಭಾಗ ಅಡಗಿದೆ. ಮಣ್ಣಿನಿಂದ ಉಪ್ಪು ತೆಗೆಯುವುದು ಉಪ್ಪಾರ ಜನಾಂಗದವರ ಕುಲಕಸುಬಾಗಿತ್ತು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಬಗೆಯ ಉಪ್ಪಿನ ತಯಾರಿಕೆಯನ್ನು ತನ್ನ ಪ್ರವಾಸಗ್ರಂಥದಲ್ಲಿ ದಾಖಲುಮಾಡಿದ್ದಾನೆ.

ಅದರ ತತ್ತ್ವ ಸರಳವಾದುದು. ಚೌಳು ನೆಲದ ಅಡಿಯಲ್ಲಿರುವ ಲವಣಯುಕ್ತವಾದ ನೀರು, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ಮೇಲಕ್ಕೇರುತ್ತದೆ. ಬೇಸಗೆಯ ಬಿಸಿಲಿಗೆ ನೀರು ಆವಿಯಾಗಿ ಲವಣವು ನೆಲದ ಮೇಲೆ ಬೆಳ್ಳಗೆ ಹರಡಿ ನಿಲ್ಲುತ್ತದೆ. ಆ ಮೇಲುಮಣ್ಣನ್ನು ಕೆರೆದು, ನೀರಿನಲ್ಲಿ ನೆನೆಸಿ, ಬಸಿದು, ಬಸಿದ ನೀರನ್ನು ಬಿಸಿಲಿನಲ್ಲೋ ಬೆಂಕಿಯ ಮೇಲೋ ಇಂಗಿಸಿದರೆ ಉಪ್ಪು ದೊರೆಯುತ್ತದೆ. ಆದರೆ ಇದರೊಂದಿಗೆ ಸೋಡಿಯಂ ಸಲ್ಫೇಟ್, ಸೋಡಿಯಂ ಕಾರ್ಬೊನೇಟ್, ಪೆಟ್ಲುಪ್ಪು ಮೊದಲಾದುವೂ ಬಂದುಬಿಡುತ್ತಿದ್ದುದರಿಂದ ಮಣ್ಣುಪ್ಪಿಗೆ ಒಗರೂ ಕಹಿಯೂ ಸೇರಿರುತ್ತಿದ್ದುವು. ಕಡಲುಪ್ಪು ಸುಲಭವಾಗಿ ದೊರೆಯುವಂತಾದ ಮೇಲೆ ಈ ಕಸುಬು ನಿಂತುಹೋಯಿತು. ಪೇಟೆಯ ಹೆಸರು ಮಾತ್ರ ಉಳಿದಿದೆ. ಚರಕಸಂಹಿತೆಯು ಹೇಳುವ ಐದು ಲವಣಗಳಾದ ಸೌವರ್ಚಲ, ಸೈಂಧವ, ಬಿಡ, ಔದ್ಭಿದ, ಸಾಮುದ್ರಗಳಲ್ಲಿ ಔದ್ಭಿದವೆಂದರೆ ಹೀಗೆ ನೆಲದಿಂದ ಉಕ್ಕಿಬಂದ ಉಪ್ಪೇ.

ಕಡಲುಪ್ಪನ್ನು ತೆಗೆಯುವ ಬಗೆಯನ್ನು ನೋಡಬೇಕಾದರೆ ನಮ್ಮ ರಾಜ್ಯದಲ್ಲಿಯೇ ಗೋಕರ್ಣದ ಬಳಿಯ ಸಾಣಿಕಟ್ಟೆಗೆ ಹೋಗಬಹುದು. ಅಘನಾಶಿನಿ ನದಿಯು ಕಡಲನ್ನು ಸೇರುವೆಡೆಯಲ್ಲಿ, ಭರತದ ಉಪ್ಪುನೀರನ್ನು ಮಣ್ಣಿನ ಆಗರಗಳಿಗೆ ಹಾಯಿಸಿ ಬಿಸಿಲಿಗೆ ಬಿಡುತ್ತಾರೆ. ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅವುಗಳಲ್ಲಿ ಸುಮಾರು 27 ಗ್ರಾಂ ಮಾತ್ರ ನಮಗೆ ಬೇಕಾದ ಸೋಡಿಯಂ ಕ್ಲೋರೈಡ್. ಉಳಿದುವು ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂಗಳ ಲವಣಗಳು.

ಇವು ಎಲ್ಲವೂ ಒಟ್ಟಿಗೆ ಹರಳುಗಟ್ಟುವುದಿಲ್ಲವೆಂಬುದೇ ಇಲ್ಲಿನ ಗುಟ್ಟು. ನೀರು ಐದನೆಯ ಒಂದು ಭಾಗಕ್ಕೆ ಇಳಿಯುವ ವೇಳೆಗೆ ಜಿಪ್ಸಂ ಕೆಳಗೆ ಕೂರುತ್ತದೆ. ಹತ್ತನೆಯ ಒಂದು ಭಾಗಕ್ಕೆ ಇಳಿದಾಗ ಉಪ್ಪು ಹರಳುಗಟ್ಟತೊಡಗುತ್ತದೆ. ಮೆಗ್ನೀಸಿಯಂ ಲವಣಗಳು ಕೊನೆಯವರೆಗೂ ಕಹಿನೀರಿನಲ್ಲಿ ಉಳಿದಿರುತ್ತವೆ. ಅನುಭವಿಯಾದ ಆಗರದ ಕೆಲಸಗಾರನು ಈ ಕಹಿನೀರು ಪೂರ್ತಿ ಇಂಗುವ ಮೊದಲೇ ಉಪ್ಪನ್ನು ಬಾಚಿ ಗುಡ್ಡೆಹಾಕುತ್ತಾನೆ. ತಡಮಾಡಿದರೆ ಉಪ್ಪು ಕಹಿಯಾಗುತ್ತದೆ. ಹೀಗೆ ಉಪ್ಪಿನ ಗುಣವನ್ನು ನಿರ್ಧರಿಸುವುದು ಕಡಲಲ್ಲ, ಬಾಚುವ ಹೊತ್ತು.

ಮಳೆಗಾಲದಲ್ಲಿ ಉಪ್ಪೇಕೆ ನೀರೊಡೆಯುತ್ತದೆ?

ಆಷಾಢ ಶ್ರಾವಣಗಳಲ್ಲಿ ಕಲ್ಲುಪ್ಪಿನ ಜಾಡಿಯ ತಳದಲ್ಲಿ ನೀರು ನಿಲ್ಲುವುದನ್ನು ಎಲ್ಲರೂ ಕಂಡಿದ್ದೇವೆ. ಆ ನೀರು ಬಂದುದು ಗಾಳಿಯಿಂದ. ಶುದ್ಧವಾದ ಸೋಡಿಯಂ ಕ್ಲೋರೈಡ್ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 75ನ್ನು ಮುಟ್ಟುವವರೆಗೂ ಒಣಗಿಯೇ ಇರುತ್ತದೆ. ಆದರೆ ಮೆಗ್ನೀಸಿಯಂ ಕ್ಲೋರೈಡಿಗೆ ಶೇಕಡಾ 33ರಷ್ಟು ಆರ್ದ್ರತೆಯೇ ಸಾಕು. ಅದು ನೀರನ್ನು ಎಳೆದುಕೊಂಡು ತಾನೇ ಕರಗಿಹೋಗುತ್ತದೆ. ಕಹಿನೀರನ್ನು ಚೆನ್ನಾಗಿ ಬಸಿಯದ ಕಲ್ಲುಪ್ಪಿನ ಮೈಮೇಲೆ ಈ ಮೆಗ್ನೀಸಿಯಂ ಲವಣದ ತೆಳು ಪೊರೆ ಇರುವುದರಿಂದ ಅದು ಒಣಹವೆಯಲ್ಲಿಯೂ ಜಿಗುಟಾಗಿರುತ್ತದೆ. ಮಳೆಗಾಲದ ಮುಂಜಾನೆಗಳಲ್ಲಿ ಬೆಂಗಳೂರಿನ ಆರ್ದ್ರತೆ ಶೇಕಡಾ 75ನ್ನು ಮೀರುವುದು ಸಾಮಾನ್ಯವಾದುದರಿಂದ ಆಗ ಶುದ್ಧ ಉಪ್ಪೂ ಒದ್ದೆಯಾಗುತ್ತದೆ. ಮಧ್ಯಾಹ್ನ ಒಣಗಿದಾಗ ಹರಳುಗಳು ಒಂದಕ್ಕೊಂದು ಅಂಟಿ ಹೆಂಟೆಕಟ್ಟುತ್ತವೆ.

ಬಾಣಲೆಯಲ್ಲಿ ಉಪ್ಪನ್ನು ಹುರಿದಿಡುವ ಪದ್ಧತಿಯಿಂದ ನೀರಿನಂಶ ಹೋಗುವುದೇನೋ ನಿಜ. ಆದರೆ ನೀರನ್ನು ಕರೆಯುವ ಮೆಗ್ನೀಸಿಯಂ ಅಲ್ಲಿಯೇ ಉಳಿಯುವುದರಿಂದ ಅದರ ಫಲ ಕೆಲವು ದಿನಗಳದು ಮಾತ್ರ. ಉಪ್ಪನ್ನು ಮರದ ಮರಿಗೆಯಲ್ಲೋ ಮಣ್ಣಿನ ಗಡಿಗೆಯಲ್ಲೋ ಪಿಂಗಾಣಿಯ ಜಾಡಿಯಲ್ಲೋ ಇಡುತ್ತಿದ್ದುದರಲ್ಲಿ ವಿವೇಕವಿತ್ತು. ಒದ್ದೆಯುಪ್ಪು ಕಬ್ಬಿಣವನ್ನು ತುಕ್ಕುಹಿಡಿಸುತ್ತದೆ. ಇತರ ಲೋಹಗಳನ್ನೂ ಬಹುಬೇಗ ತಿನ್ನುತ್ತದೆ. ಬಿಗಿಯಾದ ಮುಚ್ಚಳವುಳ್ಳ ಗಾಜಿನ ಅಥವಾ ಪಿಂಗಾಣಿಯ ಪಾತ್ರೆ ಇಂದಿಗೂ ಉಪ್ಪಿಗೆ ಉತ್ತಮವಾದುದು.

ಪೊಟ್ಟಣದಲ್ಲಿ ಬರುವ ಪುಡಿಯುಪ್ಪಾದರೋ ಉಪ್ಪುನೀರನ್ನು ಶುದ್ಧಿಮಾಡಿ, ಗಾಳಿ ತೆಗೆದ ಪಾತ್ರೆಗಳಲ್ಲಿ ಇಂಗಿಸಿ ತೆಗೆದುದು. ಅದು ಸರಾಗವಾಗಿ ಉದುರುವಂತೆ ಸಿಲಿಕೇಟ್ ಮೊದಲಾದ ದ್ರವ್ಯಗಳನ್ನು ಅತ್ಯಲ್ಪವಾಗಿ ಬೆರೆಸುತ್ತಾರೆ. ಕೆಲವು ಪೊಟ್ಟಣಗಳ ಮೇಲೆ ಫೆರೊಸಯನೈಡ್ ಎಂಬ ಹೆಸರನ್ನು ಕಂಡು ವಿಷವೆಂದು ಹೆದರುವವರಿದ್ದಾರೆ. ಅದರಲ್ಲಿ ಸಯನೈಡ್ ಭಾಗವು ಕಬ್ಬಿಣದೊಡನೆ ಬಲವಾಗಿ ಬಂಧಿತವಾಗಿದೆ. ಅದನ್ನು ಬೆರೆಸುವ ಪ್ರಮಾಣವೂ ಬಹು ಅಲ್ಪ. ಹೆಸರಿನ ಹೋಲಿಕೆಯಿಂದ ಗುಣವನ್ನು ಊಹಿಸುವುದು ರಸಾಯನವಿಜ್ಞಾನದಲ್ಲಿ ಸಲ್ಲದು.

ಹರಳೂ ಚಮಚವೂ

ಹರಳಿನ ಗಾತ್ರದಿಂದ ರುಚಿ ಹೇಗೆ ಬದಲಾಗುತ್ತದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಪ್ರತಿ ಅಂಚೂ 4 ಮಿಲಿಮೀಟರಿರುವ ಒಂದು ಉಪ್ಪಿನ ಘನವನ್ನು 0.4 ಮಿಲಿಮೀಟರಿನ ಘನಗಳಾಗಿ ಒಡೆದೆವೆಂದುಕೊಳ್ಳೋಣ. ಒಂದು ಹರಳು ಸಾವಿರ ಹರಳಾಗುತ್ತದೆ. ಅದರ ಮೇಲ್ಮೈ ಹತ್ತರಷ್ಟಾಗುತ್ತದೆ. ಕರಗುವ ಕ್ರಿಯೆ ನಡೆಯುವುದು ಮೇಲ್ಮೈಯಲ್ಲಿ. ಆದುದರಿಂದ ಪುಡಿಯುಪ್ಪು ನಾಲಗೆಯ ಮೇಲೆ ಥಟ್ಟನೆ ಕರಗಿ ಬೇಗ ಉಪ್ಪೆನಿಸುತ್ತದೆ. ಕಲ್ಲುಪ್ಪು ನಿಧಾನವಾಗಿ ಕರಗುತ್ತದೆ. ಕುದಿಯುವ ಹುಳಿಯಲ್ಲಿ ಮಾತ್ರ ಈ ಭೇದ ಉಳಿಯುವುದಿಲ್ಲ. ಪೂರ್ತಿ ಕರಗಿದ ಮೇಲೆ ಅದು ಯಾವ ಹರಳಾಗಿತ್ತೆಂಬುದನ್ನು ನಾಲಗೆಯು ಹೇಳಲಾರದು.

ಅಳತೆಯಲ್ಲಿಯೂ ಎಚ್ಚರಬೇಕು. ಒಂದು ಮಟ್ಟಸವಾದ ಸಣ್ಣ ಚಮಚ ಪುಡಿಯುಪ್ಪು ಸುಮಾರು 5ರಿಂದ 6 ಗ್ರಾಂ ತೂಗುತ್ತದೆ. ಅದೇ ಚಮಚದಲ್ಲಿ ದಪ್ಪ ಹರಳುಗಳನ್ನು ತುಂಬಿದರೆ ನಡುನಡುವೆ ಗಾಳಿಯ ಎಡೆಗಳು ಉಳಿಯುವುದರಿಂದ ತೂಕ ಕಡಮೆಯಾಗುತ್ತದೆ. ಕಲ್ಲುಪ್ಪಿನ ಅಳತೆಗೆ ಒಗ್ಗಿದ ಕೈ ಅದೇ ಅಳತೆಯ ಪುಡಿಯುಪ್ಪನ್ನು ಹಾಕಿದರೆ ಸಾರು ಉಪ್ಪಾಗುವುದು ಇದರಿಂದಲೇ. ಕಾಲೇಜಿನ ಪ್ರಯೋಗಶಾಲೆಯ ತಕ್ಕಡಿಯಲ್ಲಿ ಎರಡು ಬಗೆಯ ಉಪ್ಪನ್ನೂ ಒಂದೇ ಚಮಚದಿಂದ ಅಳೆದು ತೂಗಿ ನೋಡುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ.

ಈ ಗೊಂದಲವನ್ನು ತಪ್ಪಿಸಲು ಉಪ್ಪುನೀರನ್ನು ಮಾಡಿಟ್ಟುಕೊಳ್ಳಬಹುದು. ಸಕ್ಕರೆಯು ಬಿಸಿನೀರಿನಲ್ಲಿ ಬಹಳ ಹೆಚ್ಚಾಗಿ ಕರಗುವಂತೆ ಉಪ್ಪು ಕರಗುವುದಿಲ್ಲ. 100 ಗ್ರಾಂ ನೀರು ತಣ್ಣಗಿದ್ದಾಗ ಸುಮಾರು 36 ಗ್ರಾಂ ಉಪ್ಪನ್ನೂ, ಕುದಿಯುವಾಗ ಸುಮಾರು 39 ಗ್ರಾಂ ಉಪ್ಪನ್ನೂ ಕರಗಿಸುತ್ತದೆ. ಆದುದರಿಂದ ತಳದಲ್ಲಿ ಸ್ವಲ್ಪ ಉಪ್ಪು ಕರಗದೆ ಉಳಿದಿರುವ ಉಪ್ಪುನೀರಿನ ಖಾರತೆಯು ಚಳಿಗಾಲದಲ್ಲಿಯೂ ಬೇಸಗೆಯಲ್ಲಿಯೂ ಹೆಚ್ಚುಕಡಮೆ ಒಂದೇ ಆಗಿರುತ್ತದೆ. ಅದರ ಒಂದು ಸಣ್ಣ ಚಮಚದಲ್ಲಿ, ಅಂದರೆ 5 ಮಿಲಿಲೀಟರಿನಲ್ಲಿ, ಸುಮಾರು 1.6 ಗ್ರಾಂ ಉಪ್ಪಿರುತ್ತದೆ. ಹರಳು ದಪ್ಪವಾಗಿತ್ತೋ ಸಣ್ಣದಾಗಿತ್ತೋ ಎಂಬ ಪ್ರಶ್ನೆಯೇ ಇಲ್ಲಿ ಬಾರದು. ಕಲ್ಲುಪ್ಪಿನಲ್ಲಿರುವ ಮಣ್ಣೂ ತಳಕ್ಕಿಳಿದು ಬೇರಾಗುತ್ತದೆ.

ಯಾವ ಅಡಿಗೆಗೆ, ಯಾವ ಹೊತ್ತಿನಲ್ಲಿ?

ರಾಮನವಮಿಯ ದಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಪಾನಕದೊಡನೆ ಹಂಚುವ ಕೋಸಂಬರಿಯನ್ನು ನೆನೆದುಕೊಳ್ಳೋಣ. ಹೆಚ್ಚಿದ ಸೌತೆಕಾಯಿಗೆ ಉಪ್ಪು ಬಿದ್ದ ಕೆಲವೇ ನಿಮಿಷಗಳಲ್ಲಿ ನೀರು ಬಿಡುತ್ತದೆ. ತರಕಾರಿಯ ಜೀವಕೋಶದ ಪೊರೆಯು ನೀರನ್ನು ಹಾಯಗೊಡುತ್ತದೆ, ಲವಣವನ್ನು ಸುಲಭವಾಗಿ ಹಾಯಗೊಡದು. ಹೊರಗೆ ಲವಣ ಹೆಚ್ಚಾದಾಗ ಒಳಗಿನ ನೀರು ಹೊರಕ್ಕೆ ಹರಿಯುತ್ತದೆ. ಇದೇ ಅಭಿಸರಣ. ಆದುದರಿಂದ ಕೋಸಂಬರಿಗೆ ಉಪ್ಪನ್ನು ಹಂಚುವ ಹೊತ್ತಿಗೆ ಸರಿಯಾಗಿ ಬೆರೆಸಬೇಕು. ಬೇಗ ಕರಗಿ ಸಮನಾಗಿ ಹರಡುವ ಪುಡಿಯುಪ್ಪೇ ಇದಕ್ಕೆ ತಕ್ಕುದು.

ಉಪ್ಪಿನಕಾಯಿಯಲ್ಲಿ ಅದೇ ಅಭಿಸರಣವು ನಮಗೆ ಬೇಕಾದುದೇ ಆಗಿದೆ. ಮಾವಿನ ಮಿಡಿಯನ್ನು ಕಲ್ಲುಪ್ಪಿನಲ್ಲಿ ಹಾಕಿಟ್ಟಾಗ ಉಪ್ಪು ನಿಧಾನವಾಗಿ ಕರಗುತ್ತ ಮಿಡಿಯ ನೀರನ್ನು ಹೊರಗೆಳೆಯುತ್ತದೆ. ಮಿಡಿ ಸುರುಟುತ್ತದೆ, ಅದರ ನೀರೇ ಅದನ್ನು ಮುಳುಗಿಸುವ ಉಪ್ಪುನೀರಾಗುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳ ದೇಹದಿಂದಲೂ ನೀರು ಹೀಗೆಯೇ ಹೊರಟುಹೋಗುವುದರಿಂದ ಅವು ಬೆಳೆಯಲಾರವು. ಇಲ್ಲಿ ಕಲ್ಲುಪ್ಪಿಗೆ ಇನ್ನೊಂದು ಅನುಕೂಲವಿದೆ: ಪುಡಿಯುಪ್ಪಿನಲ್ಲಿ ಬೆರೆಸಿರುವ, ನೀರಿನಲ್ಲಿ ಕರಗದ ಸಿಲಿಕೇಟ್ ಅದರಲ್ಲಿಲ್ಲದುದರಿಂದ ಉಪ್ಪುನೀರು ಅಷ್ಟಾಗಿ ಕದಡುವುದಿಲ್ಲ. ಅಯೋಡೀನು ಉಪ್ಪಿನಕಾಯಿಯನ್ನು ಕೆಡಿಸುತ್ತದೆಂಬ ನಂಬಿಕೆಗೆ ಮಾತ್ರ ಪ್ರಯೋಗಗಳಲ್ಲಿ ಆಧಾರ ದೊರೆತಿಲ್ಲ.

ಕೊಳವೆಬಾವಿಯ ನೀರಿನಲ್ಲಿ ಬೇಳೆ ತಡವಾಗಿ ಬೇಯುವುದು ಬೆಂಗಳೂರಿನ ಅನೇಕ ಮನೆಗಳ ಅನುಭವ. ಗಡಸುನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳು ಕಾಳಿನ ಜೀವಕೋಶಗಳನ್ನು ಬೆಸೆಯುವ ಪೆಕ್ಟಿನ್ ಎಂಬ ಅಂಟನ್ನು ಗಟ್ಟಿಗೊಳಿಸುವುದೇ ಇದಕ್ಕೆ ಕಾರಣ. ಸೋಡಿಯಂ ಅಯಾನು ಅವುಗಳ ಸ್ಥಾನವನ್ನು ಆಕ್ರಮಿಸಿದರೆ ಬೆಸುಗೆ ಸಡಿಲವಾಗುತ್ತದೆ. ಹೀಗಾಗಿ ಉಸಲಿಗೆ ಬೇಕಾದ ಕಡಲೆಕಾಳನ್ನೋ ಅಲಸಂದೆಯನ್ನೋ ರಾತ್ರಿ ನೆನೆಸುವಾಗ ನೀರಿಗೆ ಸ್ವಲ್ಪ ಉಪ್ಪು ಹಾಕಿದರೆ ಕಾಳು ಬೇಗ ಮೃದುವಾಗುತ್ತದೆ. ನೆನೆಸಿದ ನೀರನ್ನು ಚೆಲ್ಲಿ ಬೇಯಿಸಬೇಕು.

ಸಂಡಿಗೆ, ಬಾಳಕದ ಮೆಣಸಿನಕಾಯಿ ಮೊದಲಾದುವಕ್ಕೆ ಒಂದು ನಿಯಮವನ್ನು ನೆನಪಿಡಬೇಕು: ಬಿಸಿಲಿನಲ್ಲಿ ನೀರು ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಹಿಟ್ಟಿನಲ್ಲಿ ಸರಿಯೆನಿಸಿದ ಉಪ್ಪು ಒಣಗಿದ ಮೇಲೆ ಹೆಚ್ಚಾಗಿರುತ್ತದೆ. ನಿಧಾನವಾಗಿ ಇಂಗಿಸುವ ಗೊಜ್ಜುಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.

ಸೈಂಧವ ಮತ್ತು ಕಪ್ಪುಪ್ಪು

ಸೈಂಧವವೆಂದರೆ ಸಿಂಧೂದೇಶದ್ದು ಎಂದು ಅರ್ಥ. ಪಂಜಾಬಿನ ಪಶ್ಚಿಮಭಾಗದಲ್ಲಿ, ಈಗ ಪಾಕಿಸ್ತಾನಕ್ಕೆ ಸೇರಿರುವ ಉಪ್ಪಿನ ಬೆಟ್ಟಗಳ ಖೇವ್ಡಾ ಗಣಿಯು ಇದಕ್ಕೆ ಪ್ರಸಿದ್ಧವಾದುದು. ಹಿಮಾಚಲ ಪ್ರದೇಶದ ಮಂಡಿ ಜಿಲ್ಲೆಯಲ್ಲಿಯೂ ಕಲ್ಲುಪ್ಪಿನ ಗಣಿಗಳಿವೆ. ಐವತ್ತು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಒಂದು ಕಡಲು ಬತ್ತಿಹೋದಾಗ ನಿಂತ ಉಪ್ಪೇ ಖೇವ್ಡಾದ ಉಪ್ಪು. ಎಂದಮೇಲೆ ಸೈಂಧವವೂ ಒಂದು ಸಾಮುದ್ರ ಲವಣವೇ; ಅದರ ಕಡಲು ಮಾತ್ರ ಪುರಾತನವಾದುದು. ಗುಲಾಬಿ ಬಣ್ಣ ಕಬ್ಬಿಣದ ಸಂಯುಕ್ತಗಳಿಂದ ಬಂದುದು.

ಇದರಲ್ಲಿ ಹತ್ತಾರು ಖನಿಜಗಳಿವೆಯೆಂದು ಹೊಗಳುವುದುಂಟು. ಇರುವುದು ನಿಜ, ಆದರೆ ಪ್ರಮಾಣವೆಷ್ಟು? ದಿನಕ್ಕೆ ತಿನ್ನಬಹುದಾದ ನಾಲ್ಕೈದು ಗ್ರಾಂ ಉಪ್ಪಿನಲ್ಲಿ ಬರುವ ಕಬ್ಬಿಣ ಕ್ಯಾಲ್ಸಿಯಂಗಳು ಒಂದು ರಾಗಿಮುದ್ದೆಯಲ್ಲಿ ಬರುವುದರ ಮುಂದೆ ಗಣನೆಗೆ ಬಾರವು. ಖನಿಜಕ್ಕಾಗಿ ಉಪ್ಪನ್ನು ಹೆಚ್ಚು ತಿಂದರೆ ಆಗುವ ಕೇಡೇ ಹೆಚ್ಚು.

ಕಪ್ಪುಪ್ಪಿನ ವಿಷಯ ಬೇರೆ. ಅದರಲ್ಲಿ ರುಚಿಯ ಭೇದ ನಿಜವಾಗಿಯೂ ಇದೆ. ಉಪ್ಪನ್ನು ಅಳಲೆಕಾಯಿ, ನೆಲ್ಲಿಕಾಯಿ ಮೊದಲಾದುವುಗಳೊಡನೆಯೂ ಇದ್ದಿಲಿನೊಡನೆಯೂ ಮುಚ್ಚಿದ ಪಾತ್ರೆಯಲ್ಲಿಟ್ಟು ಬಹುಕಾಲ ಕಾಯಿಸುತ್ತಾರೆ. ಉಪ್ಪಿನಲ್ಲಿರುವ ಸಲ್ಫೇಟ್ ಆಮ್ಲಜನಕವನ್ನು ಕಳೆದುಕೊಂಡು ಸಲ್ಫೈಡ್ ಆಗುತ್ತದೆ. ಬೇಯಿಸಿದ ಮೊಟ್ಟೆಯನ್ನು ನೆನಪಿಗೆ ತರುವ ವಾಸನೆ ಇದರಿಂದ ಬಂದುದು. ನಿಂಬೆರಸದಂತಹ ಹುಳಿ ತಾಗಿದಾಗ ಆ ವಾಸನೆಯ ಅನಿಲ ಹೊರಬೀಳುತ್ತದೆ. ಬಿಸಿಯಲ್ಲಿ ಬೇಗ ಹಾರಿಹೋಗುತ್ತದೆ. ಆದುದರಿಂದ ಕಪ್ಪುಪ್ಪನ್ನು ಕುದಿಯುವ ಪದಾರ್ಥಕ್ಕೆ ಹಾಕುವುದು ವ್ಯರ್ಥ. ಮಜ್ಜಿಗೆ, ಪಾನಕ, ಹಣ್ಣಿನ ಹೋಳುಗಳಿಗೆ ಕೊನೆಯಲ್ಲಿ ಒಂದು ಚಿಟಿಕೆ ಉದುರಿಸುವುದೇ ಅದರ ಸದುಪಯೋಗ.

ಕಣ್ಣಿಗೆ ಕಾಣದ ಅಯೋಡೀನು

ಈಗ ಮೂರನೆಯ ಪ್ರಶ್ನೆಗೆ ಬರೋಣ. ನಮ್ಮ ಕೊರಳಿನಲ್ಲಿರುವ ಥೈರಾಯಿಡ್ ಗ್ರಂಥಿಯು ತಯಾರಿಸುವ ಥೈರಾಕ್ಸಿನ್ ಎಂಬ ರಸದೂತದ ಪ್ರತಿ ಅಣುವಿನಲ್ಲಿಯೂ ನಾಲ್ಕು ಅಯೋಡೀನ್ ಪರಮಾಣುಗಳಿರುತ್ತವೆ. ಅಯೋಡೀನು ಸಾಲದಾದಾಗ ಗ್ರಂಥಿಯು ಹಿಗ್ಗುತ್ತದೆ, ಇದೇ ಗಳಗಂಡ. ಆದರೆ ಗಳಗಂಡವು ಕಣ್ಣಿಗೆ ಕಾಣುವ ಚಿಹ್ನೆ ಮಾತ್ರ. ಅದಕ್ಕಿಂತ ದೊಡ್ಡ ಕೇಡು ಕಣ್ಣಿಗೆ ಕಾಣದು. ಗರ್ಭಿಣಿಯ ಆಹಾರದಲ್ಲಿ ಅಯೋಡೀನು ಬಹಳ ಕಡಮೆಯಾದರೆ ಹುಟ್ಟುವ ಮಗುವಿನ ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತದೆ. ಆ ನಷ್ಟವನ್ನು ಅನಂತರ ಯಾವ ಔಷಧದಿಂದಲೂ ತುಂಬಲಾಗುವುದಿಲ್ಲ. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಗರ್ಭಿಣಿಯರಿಗೆ 250 ಮೈಕ್ರೋಗ್ರಾಂ ಅಯೋಡೀನು ಬೇಕು. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗ.

ಮಳೆಯೂ ಪ್ರವಾಹಗಳೂ ಯುಗಯುಗಗಳಿಂದ ಅಯೋಡೀನನ್ನು ತೊಳೆದೊಯ್ದ ನೆಲದಲ್ಲಿ ಬೆಳೆದ ಪೈರಿನಲ್ಲಿಯೂ ಅದು ಕಡಮೆ. ಹಿಮಾಲಯದ ತಪ್ಪಲು ಇದಕ್ಕೆ ಪ್ರಸಿದ್ಧ ಉದಾಹರಣೆ. ನಮ್ಮ ರಾಜ್ಯದ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಗಳಗಂಡವಿರುವುದನ್ನು ಸಮೀಕ್ಷೆಗಳು ತೋರಿಸಿವೆ. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು ಕಾಂಗ್ರಾ ಕಣಿವೆಯಲ್ಲಿ ಒಂದು ಪ್ರಯೋಗವನ್ನು ಆರಂಭಿಸಿದರು. ಕಣಿವೆಯ ಕೆಲವು ಭಾಗಗಳಿಗೆ ಅಯೋಡೀನು ಬೆರೆಸಿದ ಉಪ್ಪನ್ನೂ, ಒಂದು ಭಾಗಕ್ಕೆ ಸಾಮಾನ್ಯ ಉಪ್ಪನ್ನೂ ಒದಗಿಸಿದರು. ಕೆಲವು ವರ್ಷಗಳಲ್ಲಿ ಅಯೋಡೀನು ಬೆರೆತ ಉಪ್ಪು ತಿಂದ ಕಡೆಗಳಲ್ಲಿ ಮಕ್ಕಳ ಗಳಗಂಡ ಬಹಳವಾಗಿ ಇಳಿಯಿತು. ಇದರ ಆಧಾರದಿಂದ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಮೊದಲಾಯಿತು. 2006ರಿಂದ ನೇರವಾಗಿ ತಿನ್ನಲು ಮಾರುವ ಉಪ್ಪಿಗೆ ಅಯೋಡೀನು ಬೆರೆಸಿರಲೇಬೇಕೆಂಬ ನಿಯಮ ಮತ್ತೆ ದೇಶಾದ್ಯಂತ ಜಾರಿಗೆ ಬಂದಿತು.

ಕಡಲುಪ್ಪಿನಲ್ಲಿ ಸಹಜವಾಗಿಯೇ ಅಯೋಡೀನಿರುತ್ತದೆಂಬುದು ಅನೇಕರ ಭಾವನೆ. ಇದು ತಪ್ಪು. ಒಂದು ಲೀಟರು ಕಡಲ ನೀರಿನಲ್ಲಿ ಇರುವ ಅಯೋಡೀನು ಸುಮಾರು 60 ಮೈಕ್ರೋಗ್ರಾಂ ಮಾತ್ರ. ಅದೂ ಉಪ್ಪಿನೊಡನೆ ಹರಳುಗಟ್ಟದೆ ಬಹುಪಾಲು ಕಹಿನೀರಿನಲ್ಲಿ ಉಳಿದುಹೋಗುತ್ತದೆ. ಗಣಿಯ ಉಪ್ಪಿನ ಸ್ಥಿತಿಯೂ ಇದೇ. ಆದುದರಿಂದ ಹೊರಗಿನಿಂದ ಬೆರೆಸದ ಹೊರತು ಯಾವ ಉಪ್ಪಿನಿಂದಲೂ ನಮಗೆ ಬೇಕಾದಷ್ಟು ಅಯೋಡೀನು ದೊರೆಯದು. ಸೈಂಧವವು ಆರೋಗ್ಯಕ್ಕೆ ಒಳ್ಳೆಯದೆಂದು ನಂಬಿ ಮನೆಯ ಎಲ್ಲ ಅಡಿಗೆಗೂ ಅದನ್ನೇ ಬಳಸುವವರು, ಪೊಟ್ಟಣದ ಮೇಲೆ ಅಯೋಡೀನು ಬೆರೆಸಿದೆಯೆಂದು ಬರೆದಿಲ್ಲದಿದ್ದರೆ, ತಮಗರಿವಿಲ್ಲದೆಯೇ ಈ ರಕ್ಷಣೆಯನ್ನು ಕೈಬಿಟ್ಟಂತಾಗುತ್ತದೆ. ಬಿಡಿಯಾಗಿ ಮಾರುವ ಕಲ್ಲುಪ್ಪಿಗೂ ಈ ಮಾತು ಸಲ್ಲುತ್ತದೆ. ಮನೆಯಲ್ಲಿ ಗರ್ಭಿಣಿಯರೂ ಚಿಕ್ಕಮಕ್ಕಳೂ ಇದ್ದಾಗ ಇದು ಉಪೇಕ್ಷಿಸತಕ್ಕ ವಿಷಯವಲ್ಲ.

ಲೆಕ್ಕ ಸುಲಭವಾದುದು. ನಮ್ಮ ದೇಶದ ನಿಯಮದಂತೆ ಉಪ್ಪು ಅಂಗಡಿಯಿಂದ ನಮ್ಮ ಕೈಸೇರುವಾಗ ಅದರ ಹತ್ತು ಲಕ್ಷ ಭಾಗದಲ್ಲಿ ಕನಿಷ್ಠ 15 ಭಾಗ ಅಯೋಡೀನಿರಬೇಕು. 30 ಭಾಗವಿದ್ದರೆ 5 ಗ್ರಾಂ ಉಪ್ಪಿನಿಂದಲೇ ದಿನದ 150 ಮೈಕ್ರೋಗ್ರಾಂ ಪೂರ್ತಿಯಾಗುತ್ತದೆ. 15 ಭಾಗವಿದ್ದರೆ ಅರ್ಧ ದೊರೆಯುತ್ತದೆ, ಉಳಿದುದು ಹಾಲು, ಮೊಟ್ಟೆ, ಮೀನು ಮೊದಲಾದುವುಗಳಿಂದ ಬರಬೇಕು. ಬೆರೆಸುವುದು ಪೊಟ್ಯಾಸಿಯಂ ಅಯೊಡೇಟ್ ಎಂಬ ಲವಣವನ್ನು. ನಮ್ಮಂತಹ ತೇವದ ಹವೆಯಲ್ಲಿ ಅದು ಅಯೊಡೈಡಿಗಿಂತ ಸ್ಥಿರವಾದುದು. ಆದರೂ ತೆರೆದಿಟ್ಟ ಒದ್ದೆಯುಪ್ಪಿನಲ್ಲಿ ಅದು ಕಾಲಕ್ರಮದಲ್ಲಿ ಕಡಮೆಯಾಗುತ್ತದೆ. ಅಯೋಡೀನು ಬೆರೆಸಿದ ಕಲ್ಲುಪ್ಪನ್ನು ತೊಳೆದರಂತೂ ಮೈಮೇಲಿನ ಅಯೊಡೇಟ್ ನೀರಿನೊಡನೆ ಹೋಗುತ್ತದೆ. ಮುಚ್ಚಿಡುವುದು, ಒಲೆಯ ಉರಿಯಿಂದ ದೂರವಿಡುವುದು, ಅಡಿಗೆಯ ಕೊನೆಯ ಹಂತದಲ್ಲಿ ಹಾಕುವುದು ಇವು ಮೂರು ಉತ್ತಮ ಅಭ್ಯಾಸಗಳು.

ಎಷ್ಟು ಉಪ್ಪು?

ಯಾವ ಉಪ್ಪೆಂಬುದಕ್ಕಿಂತಲೂ ಎಷ್ಟು ಉಪ್ಪೆಂಬುದು ಮುಖ್ಯವಾದುದು. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಮೆ ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಧಿಕವಾದ ಸೋಡಿಯಂ ರಕ್ತದೊತ್ತಡವನ್ನು ಏರಿಸಿ ಹೃದಯ, ಮಿದುಳು, ಮೂತ್ರಪಿಂಡಗಳಿಗೆ ಕೇಡುಮಾಡುತ್ತದೆ. ನಮ್ಮ ದೇಶದಲ್ಲಿ ನಡೆದಿರುವ ಅಳತೆಗಳು ಸರಾಸರಿ ಬಳಕೆಯು ಈ ಮಿತಿಯನ್ನು ಬಹುವಾಗಿ ಮೀರಿದೆಯೆಂದು ತೋರಿಸಿವೆ. ಸೈಂಧವದಲ್ಲಾಗಲಿ ಕಲ್ಲುಪ್ಪಿನಲ್ಲಾಗಲಿ ಸೋಡಿಯಂ ಗಮನಾರ್ಹವಾಗಿ ಕಡಮೆಯಿಲ್ಲ. ಹೆಸರು ಬದಲಾಯಿಸಿ ಪ್ರಮಾಣವನ್ನು ಉಳಿಸಿಕೊಂಡರೆ ಪ್ರಯೋಜನವಿಲ್ಲ.

ಸೋಡಿಯಂ ಕಡಮೆಯಿರುವ ಉಪ್ಪೆಂದು ಮಾರುವುದರಲ್ಲಿ ಒಂದು ಭಾಗ ಪೊಟ್ಯಾಸಿಯಂ ಕ್ಲೋರೈಡನ್ನು ಬೆರೆಸಿರುತ್ತಾರೆ. ಅದಕ್ಕೆ ತುಸು ಕಹಿಯುಂಟು. ಇಂತಹ ಉಪ್ಪನ್ನು ವಯಸ್ಕರು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2025ರಲ್ಲಿ ಸಲಹೆ ಮಾಡಿದೆ. ಆದರೆ ಮೂತ್ರಪಿಂಡದ ತೊಂದರೆಯುಳ್ಳವರಲ್ಲಿ ಪೊಟ್ಯಾಸಿಯಂ ರಕ್ತದಲ್ಲಿ ಅಪಾಯಕರವಾಗಿ ಏರಬಹುದು. ಅಂತಹವರಿಗೂ ಗರ್ಭಿಣಿಯರಿಗೂ ಮಕ್ಕಳಿಗೂ ಈ ಸಲಹೆ ಅನ್ವಯಿಸುವುದಿಲ್ಲ. ವೈದ್ಯರನ್ನು ಕೇಳದೆ ಬಳಸಬಾರದು.

ತಮ್ಮ ಮನೆಯ ಪ್ರಮಾಣವೆಷ್ಟೆಂಬುದನ್ನು ವಿದ್ಯಾರ್ಥಿಗಳೇ ಅಳೆಯಬಹುದು. ಒಂದು ಕಿಲೋಗ್ರಾಂ ಉಪ್ಪಿನ ಪೊಟ್ಟಣವನ್ನು ತೆರೆದ ದಿನಾಂಕವನ್ನು ಅದರ ಮೇಲೆ ಬರೆದಿಡಿ. ನಾಲ್ಕು ಮಂದಿಯಿರುವ ಮನೆಯಲ್ಲಿ ಅದು 50 ದಿನ ಬಂದರೆ ತಲೆಗೆ ದಿನಕ್ಕೆ 5 ಗ್ರಾಂ ಆಯಿತು. ಒಂದೇ ತಿಂಗಳಿನಲ್ಲಿ ಮುಗಿದರೆ 8 ಗ್ರಾಂಗೂ ಹೆಚ್ಚಾಯಿತು. ಅಂಗಡಿಯಿಂದ ತರುವ ಉಪ್ಪಿನಕಾಯಿ, ಹಪ್ಪಳ, ಕುರುಕುತಿಂಡಿ, ಬ್ರೆಡ್ಡುಗಳಲ್ಲಿರುವ ಉಪ್ಪು ಈ ಲೆಕ್ಕಕ್ಕೆ ಹೊರಗಿನದು. ಅಡಿಗೆ ಸೋಡದಲ್ಲಿಯೂ ಸೋಡಿಯಂ ಇದೆಯೆಂಬುದನ್ನು ಮರೆಯಬಾರದು. ನಾಲಗೆಯ ಅಭ್ಯಾಸವನ್ನು ಒಮ್ಮೆಗೇ ಬದಲಿಸಲಾಗದಿದ್ದರೂ ವಾರವಾರಕ್ಕೆ ಸ್ವಲ್ಪಸ್ವಲ್ಪವಾಗಿ ಉಪ್ಪನ್ನು ಇಳಿಸುತ್ತ ಬಂದರೆ ಅದು ಹೊಂದಿಕೊಳ್ಳುತ್ತದೆ. ನಿಂಬೆಹುಳಿ, ಹುಣಿಸೆ, ಜೀರಿಗೆ, ಕರಿಬೇವುಗಳು ಆ ಕೊರತೆಯನ್ನು ಮರೆಸುತ್ತವೆ.

ಹೀಗೆ ನೋಡಿದರೆ ಆಯ್ಕೆ ಕಠಿಣವಾದುದೇನೂ ಅಲ್ಲ. ದಿನದ ಅಡಿಗೆಗೆ ಅಯೋಡೀನು ಬೆರೆಸಿದ ಉಪ್ಪು ಇರಲಿ, ಅದು ಪುಡಿಯಾದರೂ ಸರಿ, ಹರಳಾದರೂ ಸರಿ. ಉಪ್ಪಿನಕಾಯಿಗೆ ಶುಭ್ರವಾದ ಒಣ ಕಲ್ಲುಪ್ಪು ಇರಲಿ. ಮಜ್ಜಿಗೆಗೆ ಬೇಕೆನಿಸಿದಾಗ ಒಂದು ಚಿಟಿಕೆ ಕಪ್ಪುಪ್ಪು ಇರಲಿ. ಸೈಂಧವವನ್ನು ಕೊಳ್ಳುವವರು ಅದರ ರುಚಿಗಾಗಿಯೋ ವ್ರತನಿಯಮಕ್ಕಾಗಿಯೋ ಕೊಳ್ಳಲಿ, ಖನಿಜಗಳ ಆಸೆಯಿಂದಲ್ಲ. ಪೊಟ್ಟಣದ ಮುಂಭಾಗದ ಚಿತ್ರವನ್ನು ಬಿಟ್ಟು ಹಿಂಭಾಗದ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸವನ್ನು ಮನೆಯಲ್ಲಿ ಓದುಬರಹ ಬಲ್ಲ ತರುಣ ತರುಣಿಯರು ವಹಿಸಿಕೊಂಡರೆ, ಅಷ್ಟರಿಂದಲೇ ಮನೆಮಂದಿಗೆಲ್ಲ ದೊಡ್ಡ ಉಪಕಾರವಾಗುತ್ತದೆ.